ಒಂದೇ ಸಾಲಿನಲ್ಲಿ ಊಟವೂ ಸಂಶೋಧನೆಯೂ

ಮಂಗಳೂರಿನಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳು ಮತ್ತು ಕೆಲವು ಮಾರ್ಗದರ್ಶಕರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ಓಟ ಹಾಗೇ ಇರಲಿ ಎಂದು ಜಾಸ್ತಿ ತಿದ್ದಿಲ್ಲ.

ಎಲ್ಲರಿಗೂ ನಮಸ್ಕಾರ. ಕೊಣಾಜೆಯಿಂದ ಬಂದವರಿದ್ದೀರಿ. ಸುರತ್ಕಲ್, ಮಣಿಪಾಲದಿಂದ ಬಸ್ ಹಿಡಿದು ಬಂದವರೂ ಇದ್ದೀರಿ. ತಾಳೆಗರಿ ಓದುವವರು, ಸಮುದ್ರದ ನೀರಿನಲ್ಲಿ ತೇಲುವ ಸಣ್ಣ ಜೀವಿಗಳಾದ ಪ್ಲವಕ ಎಣಿಸುವವರು, ಕೋಡ್ ಬರೆಯುವವರು ಎಲ್ಲರೂ ಒಂದೇ ಹಾಲ್‌ನಲ್ಲಿ ಕೂತಿದ್ದೀರಿ. ನಾನು ಸಂಖ್ಯಾಶಾಸ್ತ್ರ ಕಲಿಸುವವಳು. ಡೇಟಾ ಹಿಡಿದುಕೊಂಡು ನನ್ನಲ್ಲಿಗೆ ಬರುವವರ ವಿಷಯ ಒಬ್ಬೊಬ್ಬರದು ಒಂದೊಂದು. ಮಧ್ಯಾಹ್ನ ಮೂರು ಗಂಟೆಯಾದರೂ ಊಟ ಆಗಿಲ್ಲ ಎಂಬುದು ಮಾತ್ರ ಹಲವರಲ್ಲಿ ಒಂದೇ.

ಊಟವನ್ನೂ ಸಂಶೋಧನೆಯ ಕೆಲಸವನ್ನೂ ಒಂದೇ ಸ್ಪ್ರೆಡ್‌ಶೀಟಿನಲ್ಲಿ ಬರೆದಿಡುವುದು ಇವತ್ತಿನ ವಿಷಯ. ಇಂಥ ಶೀಟನ್ನು ನನ್ನ ವಿದ್ಯಾರ್ಥಿಗಳು ಕೆಲವರು ಇಟ್ಟಿದ್ದಾರೆ. ನಾನೂ ಇಟ್ಟಿದ್ದೇನೆ. ಅವರು ತಾವಾಗಿ ತೋರಿಸಿದ್ದನ್ನು ಮಾತ್ರ ನೋಡಿದ್ದೇನೆ. ನೋಡುತ್ತಾ ಹೋದಂತೆ ನನಗೆ ಒಂದು ವಿಷಯ ಬಲವಾಗಿ ಅನ್ನಿಸಿತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಊಟ ಸರಿ ಮಾಡಿದರೆ ಕೆಲಸ ಚೆನ್ನಾಗಿ ಆಗುತ್ತದೆ ಎಂದುಕೊಂಡು ಎಲ್ಲರೂ ಶೀಟ್ ಶುರು ಮಾಡುತ್ತಾರೆ. ಶೀಟಿನಲ್ಲಿ ಕಾಣುವುದು ಬಹಳ ಸಲ ಇದರ ಉಲ್ಟಾ. ಮೊದಲು ಕೆಲಸ ಕೆಡುತ್ತದೆ, ಅದರ ಬೆನ್ನಿಗೆ ಊಟ ಕೆಡುತ್ತದೆ. ಪೇಪರ್ ತಿರಸ್ಕಾರವಾಗಿ ವಾಪಸ್ ಬಂದ ರಾತ್ರಿ ಊಟ ಇಲ್ಲ. ಪ್ರಯೋಗ ಕೈಕೊಟ್ಟ ಮರುದಿನ ಬೆಳಗಿನ ತಿಂಡಿ ಇಲ್ಲ. ಅಧ್ಯಾಯ ಕೊಡಬೇಕಾದ ವಾರವಿಡೀ ಬಿಸ್ಕತ್ತು ಮತ್ತು ಚಹಾ. ಈ ದಿಕ್ಕು ಗೊತ್ತಾದರೆ ನಾವು ಮಾಡಬೇಕಾದ ಕೆಲಸವೂ ಬದಲಾಗುತ್ತದೆ. ಹೇಗೆ ಎನ್ನುವುದೇ ಈ ಮಾತುಕತೆ.

ಸ್ಪ್ರೆಡ್‌ಶೀಟ್ ಯಾಕೆ, ಡೈರಿ ಸಾಲದೇ ಎಂದು ಕೇಳಬಹುದು. ಇದು ಹುಟ್ಟಿದ್ದು ವ್ಯಾಪಾರದ ಲೆಕ್ಕಕ್ಕೆ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಆಪಲ್ 2 ಕಂಪ್ಯೂಟರಿಗೆ ವಿಸಿಕ್ಯಾಲ್ಕ್ ತಂದರು. ಒಂದು ಅಂಕಿ ಬದಲಿಸಿದರೆ ಅದಕ್ಕೆ ಸಂಬಂಧಪಟ್ಟ ಅಂಕಿಗಳೆಲ್ಲ ತಾವಾಗಿ ಬದಲಾಗುತ್ತಿದ್ದವು. 1985ರಲ್ಲಿ ಎಕ್ಸೆಲ್ ಬಂತು, 2006ರಲ್ಲಿ ಗೂಗಲ್ ಶೀಟ್ಸ್. ದುಡ್ಡಿಲ್ಲದೆ ಸಿಗುವ ಲಿಬ್ರೆಆಫೀಸ್ ಕ್ಯಾಲ್ಕ್ ಕೂಡ ಉಂಟು. ಯಾವುದಾದರೂ ಆದೀತು. ನಮಗೆ ಬೇಕಾದ ಗುಣ ಒಂದೇ. ಒಂದಕ್ಕೊಂದು ಸಂಬಂಧ ಇಲ್ಲ ಎಂದು ನಾವು ಅಂದುಕೊಂಡ ಎರಡು ವಿಷಯಗಳು ಇಲ್ಲಿ ಒಂದೇ ತಾರೀಕಿನ ಎದುರು, ಒಂದೇ ಸಾಲಿನಲ್ಲಿ ಬಂದು ಕೂರುತ್ತವೆ. ಡೈರಿಯಲ್ಲಿ ಅವು ಪುಟ ಪುಟ ಹರಡಿಹೋಗುತ್ತವೆ.

ಹೀಗೆ ಎರಡು ಕಾಲಂ ಹತ್ತಿರ ಬಂದಾಗ ಏನಾಗಬಹುದು ಎನ್ನುವುದಕ್ಕೆ ಒಂದು ಹಳೇ ಉದಾಹರಣೆ ಹೇಳಬೇಕು. ಅಕ್ಕಿಯ ಕಥೆ ಆದ್ದರಿಂದ ನಮಗೆ ಹತ್ತಿರದ್ದು.

ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯರು ಜಾವಾ ದ್ವೀಪದಲ್ಲಿ ಬೆರಿಬೆರಿ ರೋಗದ ಬಗ್ಗೆ ಕೆಲಸ ಮಾಡುತ್ತಿದ್ದರು. ನರಗಳು ಸೋತು, ಕಾಲು ಬಲ ಕಳೆದುಕೊಳ್ಳುವ ರೋಗ. ಅದು ರೋಗಾಣುವಿನಿಂದ ಬರುತ್ತದೆ ಎಂದು ಆಗ ನಂಬಿದ್ದರು. 1889ರ ಸುಮಾರಿಗೆ ಅವರ ಲ್ಯಾಬಿನ ಕೋಳಿಗಳಿಗೂ ಅಂಥದ್ದೇ ರೋಗ ಬಂತು. ಕೆಲವು ತಿಂಗಳ ನಂತರ ತಾನಾಗಿ ವಾಸಿಯಾಯಿತು. ಯಾಕೆ ಬಂತು, ಯಾಕೆ ಹೋಯಿತು? ಕೋಳಿಗಳ ಆಹಾರ ಯಾವಾಗ ಬದಲಾಯಿತು ಎಂದು ಹುಡುಕಿದಾಗ ಉತ್ತರ ಸಿಕ್ಕಿತು. ರೋಗ ಇದ್ದ ಕಾಲದಲ್ಲಿ ಅವುಗಳಿಗೆ ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಿಂದ ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಅನ್ನ ಬರುತ್ತಿತ್ತು. ಅಡುಗೆಯವರು ಬದಲಾದರು. ಹೊಸಬರು ಮಿಲಿಟರಿ ಅನ್ನವನ್ನು ಕೋಳಿಗೆ ಕೊಡಲು ಒಪ್ಪಲಿಲ್ಲ. ಅಲ್ಲಿಂದ ಕೋಳಿಗಳು ಚೇತರಿಸಿಕೊಂಡವು. ಆಹಾರದ ತಾರೀಕು, ರೋಗದ ತಾರೀಕು ಎರಡನ್ನೂ ಪಕ್ಕಪಕ್ಕ ಇಟ್ಟದ್ದರಿಂದ ಈ ಸುಳಿವು ಸಿಕ್ಕಿತು.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಬಿಳಿ ಅಕ್ಕಿಯಲ್ಲಿ ಏನೋ ವಿಷ ಇದೆ, ತವುಡು ಅದನ್ನು ಕಳೆಯುತ್ತದೆ ಎಂದು ಐಕ್‌ಮನ್ ಭಾವಿಸಿದರು. ಸಂಬಂಧ ಸರಿಯಾಗಿ ಕಂಡಿತ್ತು, ಕಾರಣ ಸರಿ ಇರಲಿಲ್ಲ. ಅವರ ನಂತರ ಅದೇ ಕೆಲಸ ಮುಂದುವರಿಸಿದ ಹೆರಿಟ್ ಗ್ರೈನ್ಸ್ 1901ರಲ್ಲಿ ಬೇರೆ ವಿವರಣೆ ಕೊಟ್ಟರು. ತವುಡಿನಲ್ಲಿ ದೇಹಕ್ಕೆ ಬೇಕಾದದ್ದು ಏನೋ ಇದೆ, ಪಾಲಿಶ್ ಮಾಡಿದಾಗ ಅದು ಹೋಗುತ್ತದೆ ಎಂದರು. ಅದನ್ನೇ ನಾವು ಈಗ ಥಯಮಿನ್, ಅಂದರೆ ಬಿ1 ವಿಟಮಿನ್ ಎನ್ನುತ್ತೇವೆ. ಐಕ್‌ಮನ್ ಅವರಿಗೆ 1929ರಲ್ಲಿ ನೊಬೆಲ್ ಬಹುಮಾನ ಬಂತು. ನಮ್ಮ ಕುಚ್ಚಲಕ್ಕಿಯಲ್ಲಿ ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಆಮೇಲೆ ಅಕ್ಕಿ ಮಾಡುತ್ತಾರೆ. ಆ ಹೊತ್ತಿಗೆ ಹೊರಪದರದ ವಿಟಮಿನ್ ಸ್ವಲ್ಪ ಕಾಳಿನ ಒಳಗೆ ಇಳಿಯುತ್ತದೆ. ಆದ್ದರಿಂದ ಗಂಜಿ ಊಟವನ್ನು ಬಡವರ ಊಟ ಎಂದು ಬದಿಗೆ ಸರಿಸುವ ಮಕ್ಕಳನ್ನು ಕಂಡರೆ ನನಗೆ ಬೇಸರವಾಗುತ್ತದೆ. ಗಂಜಿ, ಹೆಸರುಕಾಳಿನ ಪಲ್ಯ, ಒಂದು ತುಂಡು ಬಂಗುಡೆ ಮೀನು ಅಥವಾ ತಂಬುಳಿ. ಮೂರು ಗಂಟೆ ಕೂತು ಓದುವವರಿಗೆ ಇದಕ್ಕಿಂತ ಒಳ್ಳೆಯದು ಹಾಸ್ಟೆಲಿನಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಈಗ ಶೀಟಿನ ವಿಚಾರಕ್ಕೆ ಬರೋಣ. ದಿನಕ್ಕೆ ಒಂದು ಸಾಲು. ರಾತ್ರಿ ಮಲಗುವ ಮೊದಲು ಒಂದೆರಡು ನಿಮಿಷದಲ್ಲಿ ತುಂಬಿಸಲು ಆಗಬೇಕು. ಅದಕ್ಕಿಂತ ಜಾಸ್ತಿ ಹೊತ್ತು ಹಿಡಿದರೆ ಎರಡನೇ ವಾರಕ್ಕೆ ನಿಂತುಹೋಗುತ್ತದೆ. ತಾರೀಕಿನ ನಂತರ ಮೂರು ಊಟದ ಹೊತ್ತು. ಏನು ತಿಂದಿರಿ ಎನ್ನುವುದಕ್ಕಿಂತ ಎಷ್ಟು ಗಂಟೆಗೆ ತಿಂದಿರಿ ಎನ್ನುವುದು ನಮ್ಮ ಕೆಲಸಕ್ಕೆ ಹೆಚ್ಚು ಹೇಳುತ್ತದೆ. ಹೊತ್ತು ಬರೆಯುವುದು ಸುಲಭವೂ ಹೌದು.

ಕ್ಯಾಲೊರಿ ಬರೆಯಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಭಾರತೀಯ ಆಹಾರಗಳ ಪೋಷಕಾಂಶದ ಪಟ್ಟಿ ಹೊರತಂದಿತು. 528 ಆಹಾರಗಳ ವಿವರ ಅದರಲ್ಲಿದೆ. ಬಹಳ ಒಳ್ಳೆಯ ಕೆಲಸ. ಆದರೆ ಅದರಲ್ಲಿ ಇರುವುದು ಹೆಚ್ಚಾಗಿ ಅಕ್ಕಿ, ಬೇಳೆ, ತರಕಾರಿ, ಮೀನುಗಳ ಲೆಕ್ಕ. ನಿಮ್ಮ ಮೆಸ್ಸಿನ ಸಾಂಬಾರಿಗೆ ಎಷ್ಟು ತೆಂಗಿನಕಾಯಿ ಬಿತ್ತು ಎಂದು ಹೇಳುವವರು ಯಾರು? ಫೋನಿನ ಆಪ್‌ಗಳು ಪತ್ರೊಡೆಗೂ ಕೋರಿ ರೊಟ್ಟಿಗೂ ಒಂದು ಅಂಕಿ ಕೊಡುತ್ತವೆ. ಕೊಟ್ಟ ಮಾತ್ರಕ್ಕೆ ಅದು ನಿಮ್ಮ ತಟ್ಟೆಯ ಅಂಕಿ ಆಗುವುದಿಲ್ಲ. ಲೆಕ್ಕ ಕಲಿಸುವವಳಾಗಿ ಹೇಳುತ್ತೇನೆ, ನಂಬಲಾಗದ ಅಂಕಿಯನ್ನು ಎರಡು ದಶಮಾಂಶದವರೆಗೆ ಬರೆದಿಟ್ಟು ಪ್ರಯೋಜನ ಇಲ್ಲ. ಏನು ತಿಂದಿರಿ ಎಂಬುದಕ್ಕೆ ಒಂದು ಡ್ರಾಪ್‌ಡೌನ್, ಅಂದರೆ ಆರಿಸಿಕೊಳ್ಳುವ ಪಟ್ಟಿ, ಸಾಕು. ಮನೆಯ ಊಟ, ಮೆಸ್, ಹೊರಗೆ ಊಟ, ಬರೀ ತಿಂಡಿ, ತಪ್ಪಿತು, ಉಪವಾಸ. ಗೋಳಿಬಜೆ ಚಹಾದಲ್ಲಿ ಮಧ್ಯಾಹ್ನ ಕಳೆದರೆ ಬರೀ ತಿಂಡಿ. ಅಷ್ಟೇ.

"ತಪ್ಪಿತು" ಮತ್ತು "ಉಪವಾಸ" ಬೇರೆ ಬೇರೆ ಇರಲೇಬೇಕು. ಉಡುಪಿಯ ಕಡೆ ಏಕಾದಶಿ ಮಾಡುವ ಮನೆಯ ಮಕ್ಕಳಿದ್ದಾರೆ. ಅವರಿಗೆ ಮರುದಿನ ದ್ವಾದಶಿ, ಬೆಳಿಗ್ಗೆ ಬೇಗ ಪಾರಣೆ. ರಂಜಾನಿನಲ್ಲಿ ತಿಂಗಳಿಡೀ ಉಪವಾಸ ಇರುವವರಿದ್ದಾರೆ. ಈಸ್ಟರ್‌ಗೆ ಮೊದಲಿನ ತಪಸ್ಸು ಕಾಲ ಪಾಲಿಸುವವರಿದ್ದಾರೆ. ತಾವಾಗಿ ಬಿಟ್ಟ ಊಟ, ಕೈತಪ್ಪಿಹೋದ ಊಟ ಎರಡನ್ನೂ ಒಂದೇ ಎಂದು ಲೆಕ್ಕ ಹಾಕಿದರೆ ಶೀಟ್ ಸುಳ್ಳು ಹೇಳುತ್ತದೆ. ರಂಜಾನಿನ ದಿನಗಳನ್ನು ಬೇರೆಯಾಗಿಯೇ ನೋಡಿ. ಆ ತಿಂಗಳಲ್ಲಿ ನಿದ್ದೆಯ ಹೊತ್ತೂ ಬದಲಾಗಿರುತ್ತದೆ.

ಇನ್ನೊಂದು ಕಾಲಂ ನನಗೆ ತುಂಬಾ ಇಷ್ಟ. ಜೊತೆಯಲ್ಲಿ ಯಾರಾದರೂ ಇದ್ದರಾ, ಒಬ್ಬರೇ ತಿಂದಿರಾ? ಬರೀ ಹೌದು ಅಥವಾ ಇಲ್ಲ. ಪಿಎಚ್‌ಡಿ ಒಂಟಿ ಕೆಲಸ. ಎರಡನೇ, ಮೂರನೇ ವರ್ಷದ ಹೊತ್ತಿಗೆ ಕೋರ್ಸ್‌ವರ್ಕ್ ಮುಗಿದಿರುತ್ತದೆ, ಗೆಳೆಯರು ಚದುರಿರುತ್ತಾರೆ. ಲ್ಯಾಪ್‌ಟಾಪ್ ಎದುರು ಇಟ್ಟುಕೊಂಡು ಉಣ್ಣುವ ದಿನಗಳು ಒಂದರ ಹಿಂದೆ ಒಂದು ಬರುತ್ತವೆ. "ಇಲ್ಲ" ಎಂಬ ಉತ್ತರ ಸತತವಾಗಿ ಒಂದು ವಾರ ಬಂದಿದ್ದರೆ ನಾನು ಕೆಲಸದ ಕಾಲಂ ನೋಡುವ ಮೊದಲೇ ಆ ಹುಡುಗಿಗೆ ಫೋನ್ ಮಾಡಲು ಹೇಳುತ್ತೇನೆ. ಮನೆಗೋ, ಗೆಳತಿಗೋ, ಯಾರಿಗಾದರೂ.

ಕಾಫಿ ಚಹಾಕ್ಕೆ ಒಂದು ಕಾಲಂ ಇರಲಿ, ಆದರೆ ಸಂಜೆ ನಾಲ್ಕರ ನಂತರದ್ದು ಮಾತ್ರ. ದೇಹದಲ್ಲಿ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಒಬ್ಬೊಬ್ಬರಲ್ಲಿ ಇದು ಹೆಚ್ಚು ಕಡಿಮೆ. ಐದು ಗಂಟೆಗೆ ಕುಡಿದ ಗಟ್ಟಿ ಫಿಲ್ಟರ್ ಕಾಫಿಯ ಅರ್ಧ ಭಾಗ ರಾತ್ರಿ ಹತ್ತಕ್ಕೂ ನಿಮ್ಮ ಜೊತೆ ಇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಆಹಾರ ಸಲಹೆಗಳಲ್ಲಿ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮೀರಬಾರದು ಎಂದಿದೆ. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಕಾಫಿ ಚಹಾ ಬೇಡ ಎಂದೂ ಇದೆ. ಅವುಗಳಲ್ಲಿರುವ ಟ್ಯಾನಿನ್ ಊಟದ ಕಬ್ಬಿಣದ ಅಂಶ ದೇಹಕ್ಕೆ ಸೇರದಂತೆ ತಡೆಯುತ್ತದೆ. ಹುಡುಗಿಯರು ಇದನ್ನು ಸ್ವಲ್ಪ ಗಮನವಿಟ್ಟು ಕೇಳಿ. ರಕ್ತಹೀನತೆಯ ಸುಸ್ತನ್ನು ಸೋಮಾರಿತನ ಎಂದು ತಮಗೆ ತಾವೇ ಬೈದುಕೊಳ್ಳುವವರನ್ನು ನಾನು ಕಂಡಿದ್ದೇನೆ. ಶೀಟಿನಲ್ಲಿ ಊಟವೂ ನಿದ್ದೆಯೂ ಸರಿ ಇದ್ದು, ಆದರೂ ಸುಸ್ತು ಇದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ಇನ್ನು ಕೆಲಸದ ಕಾಲಂ. ಇದು ನಿಜವಾಗಿ ಕಷ್ಟದ್ದು. ಸಂಶೋಧನೆಯಲ್ಲಿ ಒಂದು ದಿನದ ಕೆಲಸವನ್ನು ಹೇಗೆ ಅಳೆಯುವುದು? ಇಂಗ್ಲಿಷ್ ಕಾದಂಬರಿಕಾರ ಆಂಥನಿ ಟ್ರೊಲಪ್ ಅಂಚೆ ಇಲಾಖೆಯಲ್ಲಿ ಕೆಲಸ ಮಾಡುತ್ತಲೇ ಬರೆದವರು. ಗಡಿಯಾರ ಎದುರಿಟ್ಟುಕೊಂಡು ಕಾಲು ಗಂಟೆಗೆ 250 ಪದ ಬರೆಯುತ್ತಿದ್ದರು. ದಿನದ ಪುಟಗಳ ಲೆಕ್ಕ ಇಡುತ್ತಿದ್ದರು. ಕಾದಂಬರಿಗೆ ಅದು ನಡೆದೀತು. ಹಳೇ ತಿಗಳಾರಿ ಲಿಪಿಯ ಸವೆದ ಅಕ್ಷರಗಳ ಒಂದೇ ಒಂದು ತಾಳೆಗರಿಯ ಮೇಲೆ ದಿನವಿಡೀ ಕೂತವರು ಎಷ್ಟು ಪದ ಎಂದು ಬರೆಯಬೇಕು? ಹತ್ತು ಪುಟ ಹೊಡೆದು ಹಾಕಿ ಎರಡು ಪುಟ ಹೊಸದಾಗಿ ಬರೆದವರ ಲೆಕ್ಕ ಮೈನಸ್ ಎಂಟಾ? ಆ ದಿನವೇ ಪ್ರಬಂಧ ನೆಟ್ಟಗಾಗಿರಬಹುದು.

ಪದ, ಪುಟ, ಪೇಪರುಗಳ ಎಣಿಕೆ ಎಲ್ಲಿಗೆ ಒಯ್ಯುತ್ತದೆ ಎಂದು ನಮ್ಮ ವಿಶ್ವವಿದ್ಯಾಲಯಗಳು ಈಗಾಗಲೇ ಕಂಡಿವೆ. ಅಳತೆಯೇ ಗುರಿಯಾದರೆ ಅಳತೆ ಕೆಡುತ್ತದೆ ಎಂಬುದನ್ನು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹೆಸರಿನ ನಿಯಮ ಎಂದು ಕರೆಯುತ್ತಾರೆ. ಅವರು ಅದನ್ನು 1975ರಲ್ಲಿ ಹೇಳಿದ್ದು ಹಣಕಾಸು ನೀತಿಯ ಬಗ್ಗೆ. ನಿಮ್ಮ ಸ್ವಂತ ಶೀಟಿಗೂ ಅದು ಅನ್ವಯಿಸುತ್ತದೆ.

ನಾನು ಎರಡು ಕಾಲಂ ಸೂಚಿಸುತ್ತೇನೆ. ಒಂದು, ಯಾರ ಅಡ್ಡಿಯೂ ಇಲ್ಲದೆ ನಿಮ್ಮ ಪ್ರಬಂಧದ ಕೆಲಸಕ್ಕೆ ಸಿಕ್ಕಿದ ಗಂಟೆಗಳು. ಅರ್ಧ ಗಂಟೆಯ ಲೆಕ್ಕದಲ್ಲಿ ಸಾಕು. ಪಾಠ ಮಾಡಿದ್ದು, ಆಫೀಸಿನ ಕಾಗದ ಓಡಾಡಿಸಿದ್ದು ಇದರಲ್ಲಿ ಬೇಡ. ಇನ್ನೊಂದು, ಇವತ್ತು ಏನು ಮುಂದೆ ಹೋಯಿತು ಎಂದು ಒಂದು ವಾಕ್ಯ, ಕನ್ನಡದಲ್ಲಿ. "ಮೂರನೇ ಅಧ್ಯಾಯದ ವಾದ ನಿಲ್ಲುವುದಿಲ್ಲ ಎಂದು ಗೊತ್ತಾಯಿತು" ಎಂದು ಬರೆದರೂ ಅದು ಮುಂದೆ ಹೋದದ್ದೇ. ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ 2022ರ ನಿಯಮದಂತೆ ಪಿಎಚ್‌ಡಿಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಆ ಉದ್ದದ ಹಾದಿಯಲ್ಲಿ ಹಿಂದೆ ತಿರುಗಿ ನೋಡುವಾಗ ಗಂಟೆಗಳ ಕಾಲಂಗಿಂತ ಈ ವಾಕ್ಯಗಳ ಕಾಲಂ ನಿಮ್ಮ ಕೈ ಹಿಡಿಯುತ್ತದೆ.

ತಾಂತ್ರಿಕ ವಿಷಯ ಒಂದೆರಡು, ಬೇಗ ಹೇಳುತ್ತೇನೆ. ಬರೆಯಲು ಮರೆತ ದಿನ ಸೆಲ್ ಖಾಲಿ ಬಿಡಿ, ಸೊನ್ನೆ ಹಾಕಬೇಡಿ. ಆವರೇಜ್ ಫಂಕ್ಷನ್ ಖಾಲಿ ಸೆಲ್ಲನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಸೊನ್ನೆಯನ್ನು ತೆಗೆದುಕೊಳ್ಳುತ್ತದೆ. "ಒಂದೆರಡು ಚಪಾತಿ" ಎನ್ನಲು 1-2 ಎಂದು ಹೊಡೆದರೆ ಅದು ತಾರೀಕು ಆಗಿಬಿಡುತ್ತದೆ. ಇದು ಸಣ್ಣ ಕಿರಿಕಿರಿ ಅಲ್ಲ. ಜೀವಶಾಸ್ತ್ರಜ್ಞರ ಶೀಟುಗಳಲ್ಲಿ ಮಾರ್ಚ್1 ಎಂಬ ಜೀನಿನ ಹೆಸರು ಎಕ್ಸೆಲ್‌ನಿಂದಾಗಿ ತಾರೀಕಾಗಿ ಬದಲಾಗುತ್ತಿತ್ತು. 2020ರ ಹೊತ್ತಿಗೆ ಅಂಥ ಜೀನುಗಳ ಹೆಸರನ್ನೇ ಬದಲಿಸಬೇಕಾಯಿತು. ಆದ್ದರಿಂದ ಆದಷ್ಟೂ ಡ್ರಾಪ್‌ಡೌನ್ ಬಳಸಿ.

ಹೊತ್ತಿನ ಬಗ್ಗೆ ಇನ್ನೊಂದು ಮಾತು. ಶೀಟ್ ಒಳಗಿಂದ ಸಮಯವನ್ನು ದಿನದ ಒಂದು ಭಾಗ ಎಂದು ಇಟ್ಟುಕೊಳ್ಳುತ್ತದೆ. ಮಧ್ಯಾಹ್ನ 12 ಎಂದರೆ 0.5, ಒಂದೂವರೆ ಎಂದರೆ 0.5625. ಆದ್ದರಿಂದ ಊಟದ ಹೊತ್ತಿನ ಸರಾಸರಿ ತೆಗೆಯಬಹುದು. ತೊಂದರೆ ಬರುವುದು ರಾತ್ರಿ ಹನ್ನೆರಡೂವರೆಗೆ ಉಣ್ಣುವವರಿಗೆ. ಶೀಟಿಗೆ ಅದು 0.02, ಅಂದರೆ ಬೆಳಗಿಗಿಂತ ಮೊದಲು. ಸರಾಸರಿ ಇಡೀ ತಲೆಕೆಳಗಾಗುತ್ತದೆ. ಆ ಊಟವನ್ನು 24:30 ಎಂದು ಬರೆಯಿರಿ. ಆಗ ಅದು ಹಿಂದಿನ ದಿನದ ರಾತ್ರಿಯ ಊಟವಾಗಿಯೇ ಉಳಿಯುತ್ತದೆ.

ಎರಡು ತಿಂಗಳು ತುಂಬಿದ ಮೇಲೆ ನೋಡಲು ಶುರು ಮಾಡಿ, ಅದಕ್ಕೆ ಮೊದಲು ಬೇಡ. ಇಲ್ಲಿಯೇ ನಾನು ಮೊದಲು ಹೇಳಿದ ದಿಕ್ಕಿನ ವಿಷಯ ಬರುವುದು. ಡಿ ಕಾಲಂನಲ್ಲಿ ಮಧ್ಯಾಹ್ನದ ಊಟದ ಹೊತ್ತು, ಎಫ್ ಕಾಲಂನಲ್ಲಿ ಕೆಲಸದ ಗಂಟೆ ಇದೆ ಅಂದುಕೊಳ್ಳಿ. ಎರಡನೇ ಸಾಲಿನಿಂದ 61ನೇ ಸಾಲಿನವರೆಗೆ ಡೇಟಾ ಇದೆ. ಎರಡು ಕಾಲಂಗಳ ಏರಿಳಿತ ಎಷ್ಟು ಹೊಂದುತ್ತದೆ ಎಂದು ಮೈನಸ್ 1ರಿಂದ 1ರ ನಡುವಿನ ಒಂದು ಅಂಕಿಯಲ್ಲಿ ಹೇಳುವುದು ಕೊರೆಲ್ ಫಂಕ್ಷನ್. ಅದಕ್ಕೆ ಎರಡೂ ಕಾಲಂಗಳ ಅದೇ ಸಾಲುಗಳನ್ನು ಕೊಟ್ಟರೆ ಅದೇ ದಿನದ ಸಂಬಂಧ ಸಿಗುತ್ತದೆ. ಅದರಿಂದ ಯಾವುದು ಮೊದಲು ಎಂದು ತಿಳಿಯುವುದಿಲ್ಲ. ಈಗ ಡಿ ಕಾಲಂನ 2ರಿಂದ 60, ಎಫ್ ಕಾಲಂನ 3ರಿಂದ 61 ಕೊಡಿ. ನಿನ್ನೆಯ ಊಟಕ್ಕೂ ಇವತ್ತಿನ ಕೆಲಸಕ್ಕೂ ಇರುವ ಸಂಬಂಧ ಇದು. ಆಮೇಲೆ ತಿರುಗಿಸಿ. ಎಫ್ ಕಾಲಂನ 2ರಿಂದ 60, ಡಿ ಕಾಲಂನ 3ರಿಂದ 61. ಇದು ನಿನ್ನೆಯ ಕೆಲಸಕ್ಕೂ ಇವತ್ತಿನ ಊಟಕ್ಕೂ ಇರುವ ಸಂಬಂಧ. ಎರಡು ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡಿ. ನಾನು ನೋಡಿದ ಶೀಟುಗಳಲ್ಲಿ ಎರಡನೆಯದು ಹೆಚ್ಚಾಗಿ ಬಲವಾಗಿ ಕಂಡಿದೆ. ನಿಮ್ಮಲ್ಲಿ ಬೇರೆ ಬರಬಹುದು. ಬಂದರೆ ನಿಮ್ಮ ಶೀಟನ್ನೇ ನಂಬಿ, ನನ್ನ ಮಾತನ್ನಲ್ಲ.

ಸಣ್ಣ ಅಂಕಿಗಳಿಗೆ ಮರುಳಾಗಬೇಡಿ. 30 ದಿನಗಳ ಡೇಟಾದಲ್ಲಿ ಈ ಅಂಕಿ, ಮೈನಸ್ ಚಿಹ್ನೆ ಬಿಟ್ಟು ನೋಡಿದಾಗ, 0.36ಕ್ಕಿಂತ ಕಡಿಮೆ ಇದ್ದರೆ ಅದು ಸುಮ್ನೆ ಆಕಸ್ಮಿಕವಾಗಿಯೂ ಬರಬಹುದು. 60 ದಿನಕ್ಕೆ ಈ ಗಡಿ ಸುಮಾರು 0.25. ಹತ್ತು ಕಾಲಂ ಇಟ್ಟು ಎಲ್ಲವನ್ನೂ ಎಲ್ಲದರ ಜೊತೆ ಹೋಲಿಸಿದರೆ 45 ಜೋಡಿ ಆಗುತ್ತವೆ. ಏನೂ ಸಂಬಂಧ ಇಲ್ಲದಿದ್ದರೂ ಅವುಗಳಲ್ಲಿ ಎರಡೋ ಮೂರೋ ಸಂಬಂಧ ಇರುವಂತೆ ಕಾಣಿಸುತ್ತವೆ. ಆದ್ದರಿಂದ ನೋಡುವ ಮೊದಲೇ ಪ್ರಶ್ನೆ ಬರೆದಿಟ್ಟುಕೊಳ್ಳಿ. ಒಂದು ಅಥವಾ ಎರಡು ಪ್ರಶ್ನೆ.

ಗಡಿ ದಾಟಿದ ಅಂಕಿಯೂ ಕಾರಣ ಹೇಳುವುದಿಲ್ಲ. ಒಂದು ಶೀಟಿನಲ್ಲಿ ಮೀನು ತಿಂದ ದಿನ ಕೆಲಸ ಕಡಿಮೆ, ಮೀನಿಲ್ಲದ ದಿನ ಕೆಲಸ ಜಾಸ್ತಿ ಎಂದು ಚೆನ್ನಾಗಿ ಕಾಣುತ್ತಿತ್ತು. ಇಟ್ಟವನು ಮೀನು ಬಿಡುವ ಯೋಚನೆಯಲ್ಲಿದ್ದ. ತಾರೀಕು ನೋಡಿದೆವು. ಮೀನು ಇದ್ದದ್ದು ಏಪ್ರಿಲ್, ಮೇ. ಇಲ್ಲದ್ದು ಜೂನ್, ಜುಲೈ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಕಡಿಮೆ, ಬೆಲೆ ಜಾಸ್ತಿ. ಅದೇ ಹೊತ್ತಿಗೆ ಮಳೆ ಬಂದು ಸೆಕೆ ಹೋಗಿರುತ್ತದೆ. ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳ ತಿರುಗಾಟ ಮುಗಿದಿರುತ್ತದೆ, ದೈವಗಳ ನೇಮ ಕೋಲಗಳು ನಿಂತಿರುತ್ತವೆ, ಮದುವೆಗಳೂ ಕಡಿಮೆ. ಮೇ ತಿಂಗಳಲ್ಲಿ ರಾತ್ರಿ ನಿದ್ದೆಗೆಟ್ಟು, ಹಗಲು ಬೆವರಿ, ವಾರಕ್ಕೆ ಮೂರು ಊರು ಸುತ್ತಿದವನಿಗೆ ಜೂನ್‌ನಲ್ಲಿ ಮೇಜು ಸಿಕ್ಕಿತ್ತು. ಬಂಗುಡೆಯದು ಏನೂ ತಪ್ಪಿರಲಿಲ್ಲ. ಅವನು ಮೀನು ಬಿಡಲಿಲ್ಲ. ಮುಂದಿನ ವರ್ಷ ಅಧ್ಯಾಯ ಬರೆಯುವ ಕೆಲಸವನ್ನು ಮಳೆಗಾಲಕ್ಕೆ, ಕ್ಷೇತ್ರಕಾರ್ಯವನ್ನು ಬೇಸಿಗೆಗೆ ಇಟ್ಟುಕೊಂಡ.

ಮಧ್ಯಾಹ್ನದ ತೂಕಡಿಕೆಯನ್ನೂ ಹೀಗೇ ನೋಡಬೇಕು. ಊಟದಿಂದ ನಿದ್ದೆ ಬರುತ್ತದೆ ಎಂದು ಊಟವನ್ನೇ ಮುಂದೂಡುವವರು ಇಲ್ಲಿ ಹಲವರಿದ್ದೀರಿ. ಆದರೆ ಮಧ್ಯಾಹ್ನ ಒಂದರಿಂದ ನಾಲ್ಕರ ನಡುವೆ ಎಚ್ಚರ ಕುಗ್ಗುವುದು ದೇಹದ ಗಡಿಯಾರದ ಸ್ವಭಾವ. ಉಣ್ಣದಿದ್ದರೂ ಅದು ಬರುತ್ತದೆ. ತುಂಬಾ ಉಂಡರೆ ಇನ್ನಷ್ಟು ಬರುತ್ತದೆ, ನಿಜ. ಊಟ ಬಿಟ್ಟವರಿಗೆ ತೂಕಡಿಕೆಯೂ ಇದೆ, ಹಸಿವೂ ಇದೆ. ಮಿದುಳು ದೇಹದ ತೂಕದಲ್ಲಿ ನೂರಕ್ಕೆ ಎರಡರಷ್ಟು, ವಿಶ್ರಾಂತಿಯಲ್ಲಿದ್ದಾಗಲೂ ದೇಹದ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತರಷ್ಟು ಅದಕ್ಕೇ ಹೋಗುತ್ತದೆ. ಆ ಹೊತ್ತಿನಲ್ಲಿ ಉಲ್ಲೇಖ ಜೋಡಿಸುವಂಥ ಹಗುರ ಕೆಲಸ ಇಟ್ಟುಕೊಳ್ಳಿ. ಊಟ ಬಿಡಬೇಡಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತು. ಒಬ್ಬರ ಶೀಟಿನಲ್ಲಿ ತಪ್ಪಿದ ಊಟ ಕಂಡರೆ ನಾವು ಅದನ್ನು ಅವರ ಶಿಸ್ತಿನ ಕೊರತೆ ಎಂದು ಓದುತ್ತೇವೆ. ಹಲವರ ಶೀಟುಗಳನ್ನು ಒಟ್ಟಿಗೆ ಇಟ್ಟಾಗ ಬೇರೆಯೇ ಕಾಣುತ್ತದೆ. ಒಂದು ಹಾಸ್ಟೆಲಿನ ಕೆಲವು ಮಕ್ಕಳು ತಮ್ಮ ಶೀಟಿನ ಊಟದ ಕಾಲಂ ಮಾತ್ರ ಒಟ್ಟು ಸೇರಿಸಿ, ಯಾವ ವಾರ ಎಷ್ಟು ಎಂದು ಗುಂಪು ಮಾಡಿ ತೋರಿಸುವ ಪಿವಟ್ ಟೇಬಲ್ ಮಾಡಿದರು. ಮಂಗಳವಾರ ಮತ್ತು ಗುರುವಾರ ಊಟ ತಪ್ಪುತ್ತಿತ್ತು, ಹೆಚ್ಚಾಗಿ ಲ್ಯಾಬಿನವರಿಗೇ. ಕಾರಣ ಹುಡುಕಲು ಕಷ್ಟವಾಗಲಿಲ್ಲ. ಆ ದಿನಗಳಲ್ಲಿ ಉಪಕರಣ ಬಳಸುವ ಸರದಿ ಮುಗಿಯುವಾಗ ಎರಡು ಗಂಟೆ ಕಳೆದಿರುತ್ತದೆ. ಮೆಸ್ ಎರಡಕ್ಕೆ ಮುಚ್ಚುತ್ತದೆ. ಹುಡುಗರು ಬೈಗುಳ ತಿಂದುಕೊಂಡು ಬ್ರೆಡ್ಡಿನಲ್ಲಿ ದಿನ ಕಳೆಯುತ್ತಿದ್ದರು. ಆ ಟೇಬಲನ್ನು ವಾರ್ಡನ್ ಮುಂದೆ ಇಟ್ಟರು. ವಾರಕ್ಕೆ ಎರಡು ದಿನ ಕೆಲವು ತಟ್ಟೆ ತೆಗೆದಿಡುವ ಏರ್ಪಾಡಾಯಿತು. ಯಾರೂ ತಮ್ಮ ಸ್ವಭಾವ ಬದಲಿಸಬೇಕಾಗಲಿಲ್ಲ.

ದುಡ್ಡಿನ ವಿಷಯವೂ ಹಾಗೇ. ಯುಜಿಸಿ ಸಂಶೋಧಕರಿಗೆ ಕೊಡುವ ಫೆಲೋಶಿಪ್ ಆದ ಜೆಆರ್‌ಎಫ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಅದು ಸಿಗುವವರು ಕೆಲವರು. ತುಂಬಾ ಕಡಿಮೆ ಹಣದಲ್ಲಿ, ಅಥವಾ ಏನೂ ಇಲ್ಲದೆ, ಅತಿಥಿ ಉಪನ್ಯಾಸ ಮಾಡಿಕೊಂಡು ಸಂಶೋಧನೆ ಮಾಡುವವರು ಬಹಳ ಮಂದಿ. ಸಿಗುವವರಿಗೂ ಹಣ ತಿಂಗಳು ತಿಂಗಳು ಸರಿಯಾಗಿ ಬರುವುದಿಲ್ಲ. ತಾರೀಕಿನ ಪ್ರಕಾರ ನೋಡಿದರೆ ತಿಂಗಳ ಕೊನೆಯ ವಾರದಲ್ಲಿ "ಹೊರಗೆ ಊಟ" ಮಾಯವಾಗುತ್ತದೆ, "ಬರೀ ತಿಂಡಿ" ಏರುತ್ತದೆ. ಸ್ಕಾಲರ್‌ಶಿಪ್ ತಡವಾದ ತಿಂಗಳಲ್ಲಿ ರಾತ್ರಿಯ ಊಟವೇ ಹೋಗುತ್ತದೆ. ಇಂಥ ಶೀಟ್ ಹಿಡಿದುಕೊಂಡು ನನ್ನ ಎದುರು ಕೂತ ಹುಡುಗಿಗೆ ಸಮಯಪಾಲನೆಯ ಪಾಠ ಹೇಳುವುದು ಅನ್ಯಾಯ. ಅವಳಿಗೆ ಬೇಕಾಗಿರುವುದು ಆ ಹಣ, ಸಮಯಕ್ಕೆ. ಅದಕ್ಕಾಗಿ ಪತ್ರ ಬರೆಯುವುದು, ಕಚೇರಿಗೆ ಹೋಗಿ ಕೇಳುವುದು ನಮ್ಮಂಥ ಮಾರ್ಗದರ್ಶಕರ ಕೆಲಸ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ ಹೇಳದೆ ಇರಲಾರೆ. ಶೀಟ್ ನಿಮ್ಮದು. ಗೈಡ್ ಕೇಳಿದರೂ ಕೊಡಬೇಕಾಗಿಲ್ಲ. ಗೈಡ್ ಆದವರು ಕೇಳಲೇಬಾರದು. ಗೂಗಲ್ ಶೀಟ್ಸ್ ಬಳಸುವವರು ಹಂಚಿಕೆಯ ಸೆಟ್ಟಿಂಗ್ ಒಮ್ಮೆ ತೆರೆದು ನೋಡಿ. ಲಿಂಕ್ ಇರುವವರೆಲ್ಲ ನೋಡಬಹುದು ಎಂದಿದ್ದರೆ ಈಗಲೇ ಬದಲಿಸಿ. ಇನ್ನೊಂದು ವಿಷಯ ಇದಕ್ಕಿಂತ ಗಂಭೀರ. ಊಟವನ್ನು ಬರೆಯುತ್ತಾ ಬರೆಯುತ್ತಾ ತಿನ್ನಲು ಹೆದರಿಕೆ ಆಗತೊಡಗಿದರೆ, ತಿಂದದ್ದಕ್ಕೆ ನಾಚಿಕೆ ಆಗತೊಡಗಿದರೆ, ಶೀಟ್ ಅಳಿಸಿಹಾಕಿ. ಮೊದಲು ಅಂಥ ತೊಂದರೆ ಅನುಭವಿಸಿದವರು ಇದನ್ನು ಶುರು ಮಾಡುವುದೇ ಬೇಡ. ಮಾತಾಡಲು ಯಾರಾದರೂ ಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ನಂಬರ್ 14416. ಕನ್ನಡದಲ್ಲೂ ಮಾತಾಡುತ್ತಾರೆ, ಹಣ ಇಲ್ಲ.

ಎಷ್ಟು ದಿನ ಇಡಬೇಕು ಎಂದು ಮುಂದಿನ ಸಾಲಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ. ಒಂದು ಸೆಮಿಸ್ಟರ್ ಸಾಕು. ಅಷ್ಟರಲ್ಲಿ ನಿಮ್ಮ ಊಟ ಯಾವ ಸಂದರ್ಭದಲ್ಲಿ ತಪ್ಪುತ್ತದೆ ಎಂದು ಗೊತ್ತಾಗಿರುತ್ತದೆ. ಆ ಒಂದು ಸಂದರ್ಭಕ್ಕೆ ಮೊದಲೇ ಏರ್ಪಾಡು ಮಾಡಿಕೊಳ್ಳಿ. ಪೇಪರಿನ ಉತ್ತರ ಬರುವ ವಾರ ರಾತ್ರಿ ಊಟಕ್ಕೆ ಗೆಳತಿಯನ್ನು ಕರೆಯಿರಿ. ಅಧ್ಯಾಯ ಕೊಡುವ ವಾರಕ್ಕೆ ಮನೆಯಿಂದ ಅವಲಕ್ಕಿ, ಬಾಳೆಹಣ್ಣು ತಂದಿಡಿ. ಆಮೇಲೆ ಊಟದ ಕಾಲಂ ಬಿಟ್ಟುಬಿಡಬಹುದು. ಒಂದು ವಾಕ್ಯದ ಕಾಲಂ ಮಾತ್ರ ಪ್ರಬಂಧ ಸಲ್ಲಿಸುವವರೆಗೆ ಇರಲಿ.

ಇನ್ನೊಂದು ಚೀಟಿಯಲ್ಲಿ ಹೆಸರಿಲ್ಲ. "ಗೈಡ್ ಯಾವಾಗಲೂ ಒಂದು ಗಂಟೆಗೆ ಮೀಟಿಂಗ್ ಇಡುತ್ತಾರೆ, ಮೂರರವರೆಗೆ ಬಿಡುವುದಿಲ್ಲ, ಏನು ಮಾಡಲಿ?" ಇದಕ್ಕೆ ಉತ್ತರ ಕೊಡಬೇಕಾದವರು ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ನನ್ನ ಸಹೋದ್ಯೋಗಿಗಳೇ, ನಮಗೆ ಆ ಹೊತ್ತು ಅನುಕೂಲ, ಪಾಠ ಇರುವುದಿಲ್ಲ. ನಮ್ಮ ಬುತ್ತಿ ಮನೆಯಿಂದ ಬಂದಿರುತ್ತದೆ, ಮೂರಕ್ಕೂ ಉಣ್ಣಬಹುದು. ಅವರ ಮೆಸ್ ಎರಡಕ್ಕೆ ಮುಚ್ಚುತ್ತದೆ. ಈ ಸೆಮಿಸ್ಟರಿನ ಮೀಟಿಂಗ್‌ಗಳನ್ನು ಹನ್ನೊಂದಕ್ಕೋ ಮೂರಕ್ಕೋ ಸರಿಸಿ. ಇವತ್ತು ಸಂಜೆಯೇ ನಿಮ್ಮ ವಿದ್ಯಾರ್ಥಿಗಳಿಗೆ ಒಂದು ಮೆಸೇಜ್ ಹಾಕಿ.